ಆಕಳಿಕೆ

ಮತಗಟ್ಟೆಯಲ್ಲಿ ಪಟ್ಟಿ ಹಿಡಿದು ಕೂತಿದ್ದ ಟೀಚರಮ್ಮ ಬಾಯಿ ಅಗಲಿಸಿ ಆಕಳಿಸುತ್ತಲೇ ಒಬ್ಬ ಹೆಂಗಸಿನ ಹೆಸರಿಗೆ ಗೀಟು ಎಳೆದಳು. ತಲೆ ಎತ್ತದೆಯೇ, "ಹ್ಞೂಂ, ಮುಂದಿನವರು ಬನ್ನಿ" ಎಂದಳು.

ಬಾಗಿಲಲ್ಲಿ ನಿಂತ ಮುದುಕಿ ಅದನ್ನೇ ಎವೆಯಿಕ್ಕದೆ ನೋಡಿದಳು. ಹೆಂಗಸರಿಗೂ ಓಟು ಬೇಕೆಂದು ಊರಿನವರನ್ನೆಲ್ಲ ಕಟ್ಟಿಕೊಂಡು ಬಂದು, ಇದೇ ಬಾಗಿಲಲ್ಲಿ ಪೊಲೀಸರ ಕೈಗೆ ಸಿಕ್ಕವಳು ಅವಳು. ಎಂಬತ್ತು ವರ್ಷ ಮುಂದಿನಿಂದ ಬಂದ ಮರಿಮಗಳು ಅವಳನ್ನು ಜೈಲಿನಿಂದ ಕಾಲಯಂತ್ರದಲ್ಲಿ ಕೂರಿಸಿ, ಹತ್ತೇ ನಿಮಿಷಕ್ಕೆಂದು ಕರೆತಂದಿದ್ದಳು. 'ತಪ್ಪಾಯಿತು, ಇನ್ನು ಓಟು ಕೇಳುವುದಿಲ್ಲ' ಎಂಬ ಪತ್ರಕ್ಕೆ ಸಹಿ ಹಾಕಿದರೆ ಬಿಡುಗಡೆ. ಜೈಲರು ಕೊಟ್ಟ ಪೆನ್ನು ಇನ್ನೂ ಅವಳ ಕೈಯಲ್ಲೇ ಇತ್ತು.

ಮರಿಮಗಳಿಗೆ ಮುಜುಗರ. "ಬೇಜಾರು ಮಾಡ್ಕೋಬೇಡಿ ಅಜ್ಜಿ. ಬೆಳಗ್ಗೆಯಿಂದ ಕೂತು ಅವಳಿಗೂ ಸಾಕಾಗಿದೆ."

"ಬೇಜಾರಾ? ನಾವು ಬಂದಾಗ ಒಬ್ಬರಾದ್ರೂ ಆಕಳಿಸಿದ್ರಾ? ಎಲ್ಲರೂ ಎದ್ದು ನಿಂತಿದ್ರು, ಲಾಠಿ ಹಿಡ್ಕೊಂಡು!"

ಜೈಲರು ಊಟ ಮುಗಿಸಿ ಬರುವಷ್ಟರಲ್ಲಿ ಅವಳು ತನ್ನ ಕೋಣೆಗೆ ವಾಪಸಾಗಿದ್ದಳು. "ಏನಮ್ಮಾ, ಯೋಚನೆ ಮಾಡಿದ್ರಾ?" ಎಂದು ಅವನು ಪತ್ರವನ್ನು ಮುಂದೆ ತಳ್ಳಿದ. ಮುದುಕಿ ಪೆನ್ನಿಗೆ ಮುಚ್ಚಳ ಹಾಕಿದಳು. ಆಮೇಲೆ ಅವನ ಮುಖದೆದುರೇ, ಸಾವಕಾಶವಾಗಿ, ಬಾಯಿ ಅಗಲಿಸಿ ಆಕಳಿಸಿದಳು.