ಅಂಗೈಯಗಲದ ಅಂಗಿ

“ನಿಲ್ಸಿ! ನಿಲ್ಸಿ ಅಂದ್ರೆ!” ಟೈಲರಮ್ಮ ಕುರ್ಚಿಯಲ್ಲಿ ಕೂತಲ್ಲಿಂದಲೇ ಕೂಗಿದಳು. ನಿಲ್ಲಿಸಬೇಕೆಂದೇ ಅವಳ ಡ್ರೈವರ್ ಗಂಡ ಬಲಗಾಲಿನಿಂದ ಪೆಡಲನ್ನು ಬಲವಾಗಿ ಒತ್ತಿದ. ಕರೆಂಟಿನ ಹೊಸ ಹೊಲಿಗೆ ಯಂತ್ರ ಇನ್ನಷ್ಟು ಜೋರಾಗಿ ಓಡಿತು. ಬಟ್ಟೆಯನ್ನು ಸರ್ರನೆ ಎಳೆದುಕೊಂಡು, ತೋಳಿಗೂ ಕೊರಳಿಗೂ ಗಂಟುಹಾಕಿ, ಟಕ್ಕೆಂದು ಸೂಜಿ ಮುರಿದುಕೊಂಡ ಮೇಲೆಯೇ ಸುಮ್ಮನಾಯಿತು.

“ಮತ್ತೆ ಬ್ರೇಕ್ ಹಾಕಿದ್ರಾ?”

“ನಾನೆಲ್ಲಿ ಹಾಕ್ದೆ? ಕಾಲೇ ಹಾಕ್ತು ಕಣೆ. ಬಸ್ಸು ಓಡ್ಸಿ ಓಡ್ಸಿ ಸವೆದ ಕಾಲು. ಹೆದರಿಕೆ ಆದ್ರೆ ಒತ್ತೋದು ಬಿಟ್ಟು ಬೇರೇನೂ ಗೊತ್ತಿಲ್ಲ ಅದಕ್ಕೆ.”

“ಅಯ್ಯೋ, ನನ್ನ ನಗಿಸ್ಬೇಡಿ. ಡಾಕ್ಟ್ರು ನಗಬಾರ್ದು ಅಂದಿದ್ದಾರೆ.”

ಅವಳ ಒಂದು ಕಣ್ಣಿಗೆ ಮೊನ್ನೆಯಷ್ಟೇ ಆಪರೇಷನ್ ಆಗಿ ಪಟ್ಟಿ ಬಿದ್ದಿತ್ತು. ಇನ್ನೊಂದರಲ್ಲಿ ಪೊರೆ ಬಲಿತು, ಕಿಟಕಿ ಎಲ್ಲಿದೆ ಎನ್ನುವುದಷ್ಟೇ ತಿಳಿಯುತ್ತಿತ್ತು. ಬಗ್ಗುವಂತಿಲ್ಲ, ಭಾರ ಎತ್ತುವಂತಿಲ್ಲ. ದಿನ ತುಂಬುವ ಮೊದಲೇ ಹುಟ್ಟಿದ ಮಗಳ ಮಗು ಇಷ್ಟು ದಿನ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿತ್ತು. ನಾಳೆ ಬೆಳಗ್ಗೆ ಮನೆಗೆ ಬರಬೇಕು. “ಮೈಗೆ ಸರಿಯಾಗಿ ಕೂರೋ ಬೆಚ್ಚನೆ ಅಂಗಿ ತನ್ನಿ, ಸಡಿಲ ಇದ್ರೆ ಮಗು ತಣ್ಣಗಾಗುತ್ತೆ” ಎಂದು ನರ್ಸ್ ಹೇಳಿ, ಬ್ಯಾಂಡೇಜ್ ಬಟ್ಟೆಯ ಪಟ್ಟಿಯೊಂದರಲ್ಲಿ ಎದೆಯನ್ನೂ ತೋಳನ್ನೂ ಅಳೆದು ಗಂಟು ಹಾಕಿ ಕೊಟ್ಟಿದ್ದಳು. ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ಚಿಕ್ಕ ಅಂಗಿಯೂ ಆ ಪಟ್ಟಿಯ ಮುಂದೆ ಗೋಣಿಚೀಲವಾಗಿ ಕಂಡಿತು. ಬೀದಿ ಕೊನೆಯ ದರ್ಜಿ ಪಟ್ಟಿಯನ್ನು ನೋಡಿ, “ಗೊಂಬೆಗಾ ಯಜಮಾನ್ರೇ?” ಎಂದು ನಕ್ಕಿದ್ದ. ಡ್ರೈವರ್ ಪಟ್ಟಿಯನ್ನು ಜೇಬಿಗಿಟ್ಟು ಮನೆಗೆ ಬಂದವನೇ, ಕಣ್ಣು ವಾಸಿಯಾದ ಮೇಲೆ ತೆಗೆಯೋಣವೆಂದು ಹೆಂಡತಿ ಎತ್ತಿಟ್ಟಿದ್ದ ಯಂತ್ರದ ಪೆಟ್ಟಿಗೆಯನ್ನು ಬಿಚ್ಚಿದ್ದ.

ಈಗ ಅವನು ಮುರಿದ ಸೂಜಿಯನ್ನು ತೆಗೆದು ಹೊಸದನ್ನು ಕೈಗೆತ್ತಿಕೊಂಡ.

“ಚಪ್ಪಟೆ ಬದಿ ಹಿಂದಕ್ಕಿರಲಿ,” ಎಂದಳು ಟೈಲರಮ್ಮ. “ತಿರುಪು ಬಿಗಿ ಮಾಡಿ. ದಾರ ಮೇಲಿನ ಕೊಕ್ಕೆಯಲ್ಲಿ ಸಿಕ್ಕಿಸಿದ್ರಾ? ಹಾಗೇ ಕೆಳಗೆ ತನ್ನಿ. ಹ್ಞಾಂ. ಇನ್ನು ಆ ಪೆಡಲು ಇತ್ತ ತಳ್ಳಿ.”

“ಎತ್ತ?”

“ನನ್ನ ಕಾಲ ಕೆಳಗೆ.”

“ಕಣ್ಣು ಕಾಣದೆ ಹೇಗೆ ಓಡಿಸ್ತೀಯೇ?”

“ಓಡಿಸೋಕೆ ನನಗೆ ಕಿವಿ ಸಾಕು. ಬಟ್ಟೆ ನೀವು ಹಿಡ್ಕೊಳ್ಳಿ, ಎಲ್ಲಿ ಹೊರಡ್ಬೇಕು ಎಲ್ಲಿ ನಿಲ್ಬೇಕು ಬಾಯಲ್ಲಿ ಹೇಳಿ.”

ಡ್ರೈವರ್ ಅವಳ ಕುರ್ಚಿಯನ್ನು ಎಳೆದು ತನ್ನ ಕುರ್ಚಿಗೆ ತಾಗಿಸಿದ. ಅವಳು ಬೆನ್ನು ನೆಟ್ಟಗೆ ಮಾಡಿ, ಪೂಜೆಗೆ ಕೂತವಳಂತೆ ಕೂತು, ಹೆಬ್ಬೆರಳಿನಿಂದ ಪೆಡಲನ್ನು ಮುಟ್ಟಿ ನೋಡಿದಳು. ತೋಳಿಗೂ ಕೊರಳಿಗೂ ಬಿದ್ದಿದ್ದ ತಪ್ಪು ಹೊಲಿಗೆಯನ್ನು ಅವನು ಎಳೆ ಎಳೆಯಾಗಿ ಬಿಚ್ಚಿ, ಫ್ಲಾನೆಲ್ ತುಂಡನ್ನು ಮತ್ತೆ ಸೂಜಿಯ ಕೆಳಗಿಟ್ಟು, ಒಂದು ಸಲ ದೇವರನ್ನು ನೆನೆದ.

“ರೈಟ್!”

ಯಂತ್ರ ಮೆಲ್ಲನೆ ಹೊರಟಿತು. ನಾಲ್ಕು ಹೊಲಿಗೆ ಬೀಳುವಷ್ಟರಲ್ಲಿ ಅವಳೇ ಕಾಲೆತ್ತಿದಳು.

“ಸದ್ದು ಸರಿಯಿಲ್ಲ. ಕೆಳಗೆ ದಾರ ಉಂಡೆ ಕಟ್ತಿದೆ. ಬಟ್ಟೆ ಅಮುಕೋ ಪಾದ ಇಳಿಸಿದ್ರಾ?”

ಅವನು ನೋಡಿದ. ಪಾದ ಮೇಲೆಯೇ ಇತ್ತು. “ಈಗ ಇಳಿಸ್ದೆ.”

“ಬಿಚ್ಚಿ. ಮತ್ತೆ ಮೊದಲಿಂದ.”

ಬಿಚ್ಚಿದ. ಮತ್ತೆ ಮೊದಲಿನಿಂದ ಹೊಲಿದರು. ಮಧ್ಯಾಹ್ನದ ಊಟ ತಟ್ಟೆಯಲ್ಲೇ ಆರಿತು. ಕಂಕುಳ ತಿರುವಿನಲ್ಲಿ ಅವನ ಉಸಿರು ಬಿಗಿಯುತ್ತಿದ್ದಂತೆ, ಹೇಳುವ ಮೊದಲೇ, ಅವಳ ಕಾಲು ಹಗುರಾಗುತ್ತಿತ್ತು. “ಹೋಲ್ಡಾನ್” ಎಂದರೆ ಸೂಜಿ ಬಟ್ಟೆಯೊಳಗೇ ನಿಲ್ಲುತ್ತಿತ್ತು. ಅವನ ಬಲಗಾಲು ಮಾತ್ರ ಪ್ರತಿ ತಿರುವಿನಲ್ಲೂ ಬರಿ ನೆಲವನ್ನು ಒತ್ತುತ್ತಲೇ ಇತ್ತು.

“ಏನ್ರೀ ಅದು, ನೆಲ ತೂತು ಬೀಳೋ ಹಾಗೆ?”

“ನೀನು ಮುಂದೆ ನೋಡಿ ಓಡ್ಸು.”

“ನೋಡೋದಂತೆ!” ಎಂದು ಅವಳು ತುಟಿ ಕಚ್ಚಿ ನಗುವನ್ನು ತಡೆದುಕೊಂಡಳು.

ಬಿಸಿಲು ಕಿಟಕಿಯಿಂದ ಇಳಿದು ಗೋಡೆ ಸೇರುವ ಹೊತ್ತಿಗೆ ಅಂಗಿ ಮುಗಿಯಿತು. ಡ್ರೈವರ್ ನರ್ಸ್ ಕೊಟ್ಟ ಪಟ್ಟಿ ಹಿಡಿದು ಅಳೆದ. ಗಂಟಿಗೆ ಗಂಟು ಕೂತಿತು. ಅಂಗಿಯನ್ನು ಅಂಗೈ ಮೇಲೆ ಹರಡಿದರೆ ಬೆರಳುಗಳಷ್ಟೇ ಹೊರಗೆ ಉಳಿಯುತ್ತಿದ್ದವು. ಹೊರಗೆ ಒಂದು ದಾರದ ತುದಿಯೂ ಕಾಣುತ್ತಿರಲಿಲ್ಲ; ಸೊಟ್ಟಗಿದ್ದದ್ದೆಲ್ಲ, ದಪ್ಪ ಅಂಚುಗಳೆಲ್ಲ ಒಳಗೆ ಸೇರಿದ್ದವು. ಅವನ ಮುಖ ಅರಳಿತು. “ಆ ದರ್ಜಿಗೆ ಒಂದ್ಸಲ ತೋರಿಸ್ಕೊಂಡು ಬರ್ಲಾ?”

“ಮೊದಲು ಇತ್ತ ಕೊಡಿ.”

ಟೈಲರಮ್ಮ ಅಂಗಿಯ ಹೊರಬದಿಯನ್ನು ಕಣ್ಣಿನ ಪಟ್ಟಿಯ ಕೆಳಗೆ, ಕೆನ್ನೆಗೆ ಮೆತ್ತಗೆ ಸವರಿಕೊಂಡಳು. ಆಮೇಲೆ ಕೊರಳಲ್ಲಿ ಬೆರಳು ತೂರಿಸಿ ಒಳಬದಿಯನ್ನೂ ಸವರಿಕೊಂಡಳು. ಒಳಗಿನ ದಪ್ಪ ಅಂಚು ಕೆನ್ನೆಗೆ ಒರಟಾಗಿ ತಾಗಿತು.

“ಇದನ್ನ ಉಲ್ಟಾ ಮಾಡಿಡಿ. ನಾಳೆ ಹಾಗೇ ತೊಡಿಸೋಣ.”

“ಉಲ್ಟಾನಾ? ನನ್ನ ಸೊಟ್ಟ ಹೊಲಿಗೆ ಎಲ್ಲಾ ಆಸ್ಪತ್ರೆಯೋರಿಗೆ ಕಾಣುತ್ತಲ್ಲೇ!”

“ಕಾಣ್ಲಿ ಬಿಡ್ರೀ. ತೊಟ್ಕೊಳ್ಳೋದು ಅವರಾ?”

ಡ್ರೈವರ್ ಅಂಗಿಯನ್ನೇ ನೋಡುತ್ತಾ ಕೂತ. ಕೊನೆಗೆ ಎರಡು ಬೆರಳು ಒಳಗೆ ಹಾಕಿ, ಒಂದೊಂದೇ ತೋಳನ್ನು ಮೆಲ್ಲಗೆ ಹೊರಗೆಳೆದು, ಅಂಗಿಯನ್ನು ತಿರುಗಿಸಿದ. ಒರಟೆಲ್ಲ ಲೋಕದ ಕಡೆಗಾಯಿತು. ನುಣುಪೆಲ್ಲ ಮಗುವಿನ ಕಡೆಗೆ.