ಉಬ್ಬರಕ್ಕೆ ಮೊದಲು

“ಪುಣೆ ಕಡೀ ಮಶೀನ್ ಕುಂತುಬಿಟ್ಟದ,” ಎಂದ ಶ್ರೀಶೈಲ, ಫೋನನ್ನು ಮೇಜಿನ ಮೇಲೆ ಕುಕ್ಕುತ್ತ. “ಗಾಳಿಗೆ ಕರೆಂಟ್ ಹೋಗ್ಯದಂತ. ಅವರ ಪಾಲಿನ ಲೆಕ್ಕಾನೂ ಈಗ ನಮ್ಮ ತಲೀ ಮ್ಯಾಲೆ.”

ಪವಾಯಿಯ ಸಂಶೋಧನಾಲಯವೊಂದರ ಸೂಪರ್‌ಕಂಪ್ಯೂಟರನ್ನು ನೋಡಿಕೊಳ್ಳುವವನು ಅವನು. ಅರಬ್ಬಿ ಸಮುದ್ರದಲ್ಲಿ ಎದ್ದ ಚಂಡಮಾರುತ ತಮ್ಮದೇ ನಗರದ ಯಾವ ಗಲ್ಲಿಗೆ ಎಷ್ಟು ನೀರು ನುಗ್ಗಿಸೀತು ಎಂಬ ಲೆಕ್ಕವನ್ನು ಬೇರೆ ಬೇರೆ ಊರಿನ ಯಂತ್ರಗಳಿಗೆ ಹಂಚಿದ್ದರು. ಸಂಜೆಯ ಉಬ್ಬರಕ್ಕೆ ಮೊದಲು ಉತ್ತರ ಬೇಕು. ಆದರೆ ಪವಾಯಿಯ ಯಂತ್ರದ ಅರ್ಧ ಭಾಗವನ್ನು ಯಕ್ಷಿತಾಳ ಲೆಕ್ಕ ಹಿಡಿದು ಕೂತಿತ್ತು.

ಯಕ್ಷಿತಾ ಅವನ ಕುರ್ಚಿಯ ಹಿಂದೆಯೇ ನಿಂತಿದ್ದಳು. ಕ್ಷಯದ ಹೊಸ ಔಷಧಿಯೊಂದು ರೋಗಾಣುವಿಗೆ ಹೇಗೆ ಅಂಟಿಕೊಳ್ಳುತ್ತದೆ ಎನ್ನುವುದು ಅವಳ ಪಿಎಚ್.ಡಿ. ವಿಷಯ. ಸರದಿ ಸಿಗಲು ಚಳಿಗಾಲದಿಂದ ಕಾದಿದ್ದಳು.

“ಸರ್, ರಾತ್ರಿ ಒಳಗೆ ಮುಗೀತದೆ. ಬಸ್, ರಾತ್ರಿ ತನಕ.”

“ರಾತ್ರಿ ತನಕ ಸಮುದ್ರ ಕಾಯ್ತದೇನವಾ? ಈಗ ನಿಲ್ಲಸ್ತೀನಿ. ನಾಳೆ ನಿಂತಲ್ಲಿಂದನ ಮತ್ತ ಶುರು ಮಾಡು. ನಡುನಡುವ ಉಳಿಸಿ ಇಟ್ಟಿರ್ತಿಯಲ್ಲ?”

ಅವಳು ಕುರ್ಚಿಯಿಂದ ಒಂದು ಹೆಜ್ಜೆ ಹಿಂದೆ ಸರಿದಳು. ಶ್ರೀಶೈಲ ಕುರ್ಚಿ ತಿರುಗಿಸಿದ.

“ಉಳಿಸಿಲ್ಲ?”

“ಸೇವ್ ಮಾಡ್ಲಿಕ್ಕೆ ಟೈಮ್ ಹೋಗ್ತದಲ್ಲ ಸರ್, ಅದನ್ನು ಬಂದ್ ಮಾಡಿದೆ. ಜಲ್ದಿ ಮುಗೀಲಿ ಅಂತ. ಎಲ್ಲರೂ ಹಾಗೇ ಮಾಡ್ತಾರೆ.”

“ಎಲ್ಲಾರೂ ಮಾಡ್ತಾರ! ಹೆಲ್ಮೆಟ್ ಹಾಕ್ಕೋ ಅಂದ್ರ ನನ್ನ ಮಗಾನೂ ಇದನ್ನ ಅಂತಾನ.”

ಬಾಯಿ ಸಿಡುಕಿತೇ ಹೊರತು ಬೆರಳು ಮುಂದೆ ಹೋಗಲಿಲ್ಲ. ಎರಡು ವಾರದಿಂದ ಹಗಲೂ ರಾತ್ರಿ ನಡೆದ ಲೆಕ್ಕ, ಈಗ ನಿಲ್ಲಿಸಿದರೆ ಪೂರ್ತಿ ಹೋಯಿತು. ಮತ್ತೆ ಸರದಿ ಸಿಗುವುದು ದೀಪಾವಳಿಯ ಹೊತ್ತಿಗೆ. ಅವಳ ವಿದ್ಯಾರ್ಥಿವೇತನ ನಿಲ್ಲುವುದು ಈ ತಿಂಗಳಿಗೆ. ಅದು ಇಬ್ಬರಿಗೂ ಗೊತ್ತಿತ್ತು.

ಫೋನ್ ಮತ್ತೆ ಬಡಿದುಕೊಂಡಿತು. ಪಾಲಿಕೆಯ ಅಮೋಲ್. “ಸಾಬ್, ಬಸ್ ಖಡೀ ಹೈ. ಲೋಗ್ ಉಠ್ ನಹೀಂ ರಹೇ.” ಜನರನ್ನು ಸಾಗಿಸಲು ಬಸ್ಸು ನಿಂತಿದೆ, ಆದರೆ ಯಾರೂ ಏಳುತ್ತಿಲ್ಲ. ಹೋದ ವರ್ಷ ಸುಮ್ಮನೆ ಎಬ್ಬಿಸಿ ಶಾಲೆಯಲ್ಲಿ ಮಲಗಿಸಿದಿರಿ, ಈ ಸಲ ಪಕ್ಕಾ ಹೇಳಿ, ಆಗ ಹೊರಡುತ್ತೇವೆ ಎಂದು ನದಿದಂಡೆಯ ಚಾಳಿನವರು ಹಟ ಹಿಡಿದಿದ್ದರಂತೆ. ಅವನ ಮಾತಿನ ಹಿಂದೆ ಹೆಂಗಸೊಬ್ಬಳು ಯಾರನ್ನೋ ಬಯ್ಯುತ್ತಿದ್ದಳು, ಕೂಸೊಂದು ಅಳುತ್ತಿತ್ತು.

“ದೋ ಮಿನಿಟ್,” ಎಂದು ಶ್ರೀಶೈಲ ಕಣ್ಣುಜ್ಜಿಕೊಂಡ.

“ಸರೀರಿ ಸರ್.” ಯಕ್ಷಿತಾ ಕೀಬೋರ್ಡನ್ನು ತನ್ನತ್ತ ಎಳೆದುಕೊಂಡಳು. “ನೀವು ಮಾಡಿದ್ರೆ ಜಿಂದಗಿ ಭರ್ ನಿಮಗೆ ಬೈತಾ ಇರ್ತೇನೆ. ನಾನೇ ಮಾಡ್ತೇನೆ.”

ಒಂದು ಸಾಲು ಬರೆದು, ಕಣ್ಣು ಮುಚ್ಚಿ, ಒತ್ತಿದಳು. ಪರದೆಯ ಮೇಲೆ ಅವಳ ಹೆಸರಿದ್ದ ಸಾಲುಗಳೆಲ್ಲ ಒಟ್ಟಿಗೆ ಅಳಿಸಿಹೋದವು. ಆ ಜಾಗದಲ್ಲಿ ನೀರಿನ ಲೆಕ್ಕ ಬಂದು ಕೂತಿತು. ಗಾಜಿನ ಆಚೆ ಫ್ಯಾನುಗಳ ಸದ್ದು ಒಂದಿಷ್ಟೂ ಬದಲಾಗಲಿಲ್ಲ.

ಇಬ್ಬರೂ ಊಟಕ್ಕೆ ಏಳಲಿಲ್ಲ. ಉಬ್ಬರಕ್ಕೆ ಇನ್ನೂ ಹೊತ್ತಿರುವಾಗಲೇ ನಕ್ಷೆ ತೆರೆದುಕೊಂಡಿತು. ನೀರು ನುಗ್ಗುವಲ್ಲಿ ಕೆಂಪು, ಉಳಿದೆಡೆ ಹಸಿರು. ಕುರ್ಲಾ ಹಸಿರು. ಸಾಯನ್ ಹಸಿರು. ನದಿಯ ಎರಡೂ ದಂಡೆ ಹಸಿರು.

“ಕಿಸೀಕೋ ಹಟಾನೇ ಕೀ ಜರೂರತ್ ನಹೀಂ,” ಎಂದು ಶ್ರೀಶೈಲ ಫೋನಿನಲ್ಲಿ ಹೇಳಿದ. ಯಾರನ್ನೂ ಎಬ್ಬಿಸಬೇಕಿಲ್ಲ. ಆ ಕಡೆ ಅಮೋಲ್ ಜೋರಾಗಿ ನಕ್ಕ. ಯಾರೋ ಚಪ್ಪಾಳೆ ತಟ್ಟಿದರು.

ಯಕ್ಷಿತಾ ನಗಲಿಲ್ಲ. ನಕ್ಷೆಯನ್ನು ದೊಡ್ಡದು ಮಾಡಿದಳು, ಇನ್ನೂ ದೊಡ್ಡದು ಮಾಡಿದಳು, ಒಂದೊಂದೇ ಗಲ್ಲಿಯನ್ನು ಸರಿಸುತ್ತ ಹೋದಳು. ಏನು ಹುಡುಕುತ್ತಿದ್ದೀ ಎಂದು ಶ್ರೀಶೈಲ ಕೇಳಲಿಲ್ಲ. ಅವನ ಕಣ್ಣೂ, ಅಳಿಸಿಹೋದ ಆ ಎರಡು ವಾರಕ್ಕೆ ಬದಲಾಗಿ, ಎಲ್ಲಾದರೂ ಒಂದು ಕೆಂಪು ಚುಕ್ಕೆ ಸಿಕ್ಕೀತೇ ಎಂದು ನೋಡುತ್ತಿತ್ತು.