ಬಟ್ಟೆ ಬಯಲು

ಎರಡು ವರ್ಷ ಹೋರಾಡಿದ ಮೇಲೆ ಬಯಲಿಗೆ ಬರಬೇಕಿದ್ದ ಮಾಲ್ ರದ್ದಾಯಿತು. ಬಡಾವಣೆಯವರೂ ಮಡಿವಾಳರೂ ಕೂಡಿಯೇ ಗೆದ್ದಿದ್ದರು. ಮೂವತ್ತು ಮಡಿವಾಳ ಮನೆಗಳ ಅನ್ನವೆಲ್ಲ ಆ ಬಯಲಿನ ಬಟ್ಟೆ ಹಗ್ಗಗಳಿಗೇ ಜೋತುಬಿದ್ದಿತ್ತು ನೋಡಿ. ಹಾಗಾಗಿ ಟೇಪು ಹಿಡಿದು ಬಂದ ಪಾಲಿಕೆ ಇಂಜಿನಿಯರನ್ನು ಮಡಿವಾಳರ ಹಿರಿಯ ಮಾಚಪ್ಪ, ಬೀಗರನ್ನು ಎದುರುಗೊಂಡಂತೆ ಎದುರುಗೊಂಡ.

"ಪಾರ್ಕು ಮಾಡ್ತೀವಿ ಯಜಮಾನ್ರೇ. ಹುಲ್ಲು, ಬೆಂಚು, ಸುತ್ತ ಬೇಲಿ."

"ಧಾರಾಳವಾಗಿ ಮಾಡಿ ಸ್ವಾಮಿ. ನಮ್ ಹಗ್ಗಗಳು ಯಾವ ಮೂಲೆಗೆ ಬರ್ತವೆ?"

"ಪಾರ್ಕಲ್ಲಿ ಬಟ್ಟೆ ಒಣಗಾಕೋ ಹಂಗಿಲ್ಲ."

ಮಾಚಪ್ಪ ನಕ್ಕ. "ತಮಾಷೆ ಮಾಡ್ಬೇಡಿ. ನಮ್ಮಪ್ಪನ ಕಾಲದಿಂದ ಇಲ್ಲೇ ಒಣಗಿಸ್ತಿದೀವಿ."

"ದಾಖಲೆಲಿ ಹಂಗಿಲ್ವಲ್ಲ. ನನ್ ಕೈಲಿ ಏನೂ ಇಲ್ಲ ಯಜಮಾನ್ರೇ." ಇಂಜಿನಿಯರು ಫೈಲಿನಿಂದ ಇಂಗ್ಲಿಷಿನ ಅರ್ಜಿಯೊಂದನ್ನು ಹೊರತೆಗೆದ. "ಇದು ಗೊತ್ತಾ?"

ಮಾಚಪ್ಪನಿಗೆ ಗೊತ್ತಿಲ್ಲದೆ ಏನು. "ಬಡಾವಣೆ ಮೇಡಮ್ಮೋರು ಬರೆದಿದ್ದು. ಇಸ್ತ್ರಿ ಬಟ್ಟೆ ಜತೆ ಮನೆಮನೆಗೆ ಹೊತ್ಕೊಂಡೋಗಿ ರುಜು ಹಾಕಿಸ್ದೋನು ನಾನೇ. ಮೊದಲನೇ ರುಜು ನಂದು, ನೋಡಿ. ಅದ್ರಿಂದಲೇ ಅಲ್ವಾ ಮಾಲ್ ಹೋಗಿದ್ದು?"

"ಅದ್ರಿಂದಲೇ."

ಇಂಜಿನಿಯರು ಆ ರುಜುವಿನ ಮೇಲಿದ್ದ ಸಾಲಿಗೆ ಬೆರಳಿಟ್ಟು, ಮೆಲ್ಲನೆ ಕನ್ನಡದಲ್ಲಿ ಓದಿ ಹೇಳಿದ: "ಯಾರೂ ಬಳಸದೆ ಪಾಳುಬಿದ್ದಿರುವ ಈ ಖಾಲಿ ಜಾಗದಲ್ಲಿ ದಯವಿಟ್ಟು ಪಾರ್ಕ್ ಮಾಡಿಕೊಡಿ."